ಟೈಪಕ್ಕನ ಹೊಸ ಪೆಟ್ಟಿಗೆ

ಬೀದಿಯವರೆಲ್ಲ ಅವಳನ್ನು ಟೈಪಕ್ಕ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಫೋನಿಗೆ ಬಾಯಿಟ್ಟು ಗೊಣಗುವುದನ್ನೆಲ್ಲ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಅಚ್ಚುಕಟ್ಟಾದ ವರದಿಯಾಗಿ ಟೈಪ್ ಮಾಡಿ ಕಳಿಸುವುದು ಅವಳ ಕೆಲಸ. ಮನೆಯ ಮುಂಗೋಣೆಯ ಕಿಟಕಿ ಪಕ್ಕದಲ್ಲಿ ಮೇಜು, ಅಲ್ಲೇ ಕುರ್ಚಿ, ಅಲ್ಲೇ ಹೊಟ್ಟೆಪಾಡು. ಡಾಕ್ಟರುಗಳ ಮುಖವನ್ನು ಅವಳು ಕಂಡವಳಲ್ಲ. ಆದರೆ ಯಾರಿಗೆ ನೆಗಡಿಯಾಗಿದೆ, ಯಾರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ, ಯಾರು ಬಾಯಲ್ಲಿ ತಿಂಡಿ ಇಟ್ಟುಕೊಂಡೇ ಮಾತಾಡುತ್ತಿದ್ದಾರೆ ಎಂಬುದೆಲ್ಲ ಅವಳಿಗೆ ತಿಳಿದುಬಿಡುತ್ತಿತ್ತು. ಅಂಥ ಕಿವಿ ಅವಳದು. ಹಾಗಂತ ಅವಳೂ ನಂಬಿದ್ದಳು, ಆಸ್ಪತ್ರೆಯವರೂ ನಂಬಿದ್ದರು.

ಆ ನಂಬಿಕೆಗೆ ಕೆಲವು ತಿಂಗಳಿಂದ ಗೆದ್ದಲು ಹಿಡಿದಿತ್ತು. ಹಳೆಯ ಕಂಪ್ಯೂಟರಿನ ಸದ್ದು ದಿನೇ ದಿನೇ ಕುಗ್ಗುತ್ತಾ ಬಂತು. ಮೊದಲು ಅರ್ಧಕ್ಕೆ ಇಟ್ಟರೆ ಸಾಕಾಗುತ್ತಿದ್ದದ್ದು ಮುಕ್ಕಾಲಿಗೆ ಏರಿತು, ಆಮೇಲೆ ಪೂರ್ತಿಗೆ. ಪೂರ್ತಿಗೆ ಇಟ್ಟರೂ ಡಾಕ್ಟರುಗಳು ಪಕ್ಕದ ಕೋಣೆಯಲ್ಲಿ ಕೂತು ಮಾತಾಡಿದಂತಾಯಿತು. ಯಂತ್ರಕ್ಕೆ ವಯಸ್ಸಾಯಿತು ಎಂದು ಟೈಪಕ್ಕ ತೀರ್ಮಾನಿಸಿಬಿಟ್ಟಳು. ತೀರ್ಮಾನ ಒಂದು ಆಯಿತೆಂದರೆ ಸಾಕ್ಷಿಗಳಿಗೇನು ಬರ, ತಾವಾಗಿಯೇ ಬಂದು ಸಾಲುಗಟ್ಟಿ ನಿಲ್ಲುತ್ತವೆ: ಫ್ಯಾನು ಬಿಟ್ಟು ಬಿಟ್ಟು ತಿರುಗುತ್ತದೆ, ಪರದೆ ಮಿಣುಕುತ್ತದೆ, ಕೀಲಿಮಣೆಯ ಅಕ್ಷರಗಳು ಅಳಿಸಿಹೋಗಿವೆ.

ಅಷ್ಟರಲ್ಲಿ ಎರಡು ವರದಿಗಳು ಆಸ್ಪತ್ರೆಯಿಂದ ವಾಪಸು ಬಂದವು. ಒಂದರಲ್ಲಿ ರೋಗಿಯ ಹಳೆಯ ಕಾಯಿಲೆಯ ವಿಷಯವೇ ಬಿಟ್ಟುಹೋಗಿತ್ತು. ಇನ್ನೊಂದರಲ್ಲಿ ಒಬ್ಬ ಮುದುಕಿಯ ಹೃದಯದ ಮಾತ್ರೆಯ ಪ್ರಮಾಣ ತಪ್ಪಾಗಿತ್ತು. ನರ್ಸೊಬ್ಬಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ್ದರಿಂದ ಮುದುಕಿ ಬದುಕಿಕೊಂಡಳು. ಆಸ್ಪತ್ರೆಯ ಕಚೇರಿಯ ಮೇಡಂ ಫೋನು ಮಾಡಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಲಿ ಏನೂ ಇರಲ್ಲಮ್ಮ. ಇದು ಜನರ ಪ್ರಾಣದ ವಿಷಯ,” ಎಂದರು.

“ಕಂಪ್ಯೂಟರ್ ಹಾಳಾಗಿದೆ ಮೇಡಂ. ಸರಿಯಾಗಿ ಕೇಳಿಸಲ್ಲ. ಹೊಸದು ಮಾಡ್ಕೊಳ್ತಿದ್ದೀನಿ,” ಎಂದಳು ಟೈಪಕ್ಕ.

ಹೊಸದನ್ನು ಅವಳೇ ಜೋಡಿಸಿದಳು. ಅಂಗಡಿಯವನು ಜೋಡಿಸಿಕೊಡುತ್ತೇನೆ ಎಂದರೂ ಕೇಳಲಿಲ್ಲ. ಗಡಿಯಾರ ರಿಪೇರಿಯವನ ಮಗಳು ಅವಳು. ಅಪ್ಪ ಸತ್ತಾಗ ತವರಿನಿಂದ ಕೇಳಿ ತಂದುಕೊಂಡ ಆಸ್ತಿ ಎಂದರೆ ಅವನ ಚಿಮಟ ಮತ್ತು ಮರದ ಹಿಡಿಯ ಸಣ್ಣ ಸ್ಕ್ರೂಡ್ರೈವರುಗಳು. ಅವನ್ನು ಹರಡಿಕೊಂಡು, ವೀಡಿಯೋ ನೋಡುತ್ತಾ, ಒಂದೊಂದು ಭಾಗವನ್ನೂ ಕೂಸನ್ನು ತೊಟ್ಟಿಲಿಗೆ ಹಾಕಿದಂತೆ ಪೆಟ್ಟಿಗೆಯೊಳಗೆ ಕೂರಿಸಿದಳು. ಅವಳ ಗಂಡ ಬಸ್ಸಿನ ಡ್ರೈವರು. ಡ್ಯೂಟಿಗೆ ಹೊರಟವನು ಬಾಗಿಲಲ್ಲಿ ನಿಂತು ತಮಾಷೆ ನೋಡಿದ.

“ಇದು ಹೊತ್ಕೊಂಡು ಉರಿದ್ರೆ ಕೇಳಿದೋರಿಗೆ ನಾನು ಏನಂತ ಹೇಳ್ಲಿ?”

“ಹೆಂಡ್ತಿ ಹೋದ್ಲು, ಪೆಟ್ಟಿಗೆ ಉಳೀತು ಅನ್ನಿ.”

“ಏನು? ಸ್ವಲ್ಪ ಬಾಯಿ ಬಿಟ್ಟು ಹೇಳೇ. ಈಚೆಗೆ ನಿಂದು ಎಲ್ಲಾ ಗುಟ್ಟು ಹೇಳೋ ಹಾಗೆ.”

ಅವಳು ಮತ್ತೆ ಹೇಳಲಿಲ್ಲ. ನಗೆಮಾತನ್ನು ಎರಡು ಸಲ ಹೇಳಿದರೆ ಅದರಲ್ಲಿ ನಗು ಉಳಿಯುವುದಿಲ್ಲ.

ಕೊನೆಯ ಸ್ಕ್ರೂ ಬಿಗಿದು, ವೈರುಗಳನ್ನು ಮೇಜಿನಡಿಯ ಹಳೆಯ ಯುಪಿಎಸ್‌ಗೆ ಸಿಕ್ಕಿಸಿದಳು. ಕರೆಂಟು ಹೋದಾಗ ಕಂಪ್ಯೂಟರು ತಟ್ಟನೆ ಸಾಯದಂತೆ ಕಾಯುವ ಪೆಟ್ಟಿಗೆ ಅದು. ಅದನ್ನು ಬದಲಿಸುವ ಯೋಚನೆ ಅವಳಿಗೆ ಬಂದಿರಲಿಲ್ಲ. ಇನ್ನೇನು ಗುಂಡಿ ಒತ್ತಬೇಕು ಎನ್ನುವಾಗ ತಂಗಿಯ ಫೋನು ಬಂತು. ಹಳೆಯ ಕಂಪ್ಯೂಟರನ್ನು ಟೈಪಕ್ಕ ಅವಳ ಮಕ್ಕಳಿಗೆ ಕೊಟ್ಟಿದ್ದಳು. ಫೋನನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿದುಕೊಂಡಳು; ಈಚೆಗೆ ಅದು ಅವಳಿಗೆ ಅಭ್ಯಾಸವಾಗಿತ್ತು.

“ಅಕ್ಕ, ಇದರ ಸೌಂಡ್ ಸತ್ತಿದೆ ಅಂದಿದ್ಯಲ್ಲ, ಎಲ್ಲಿ ಸತ್ತಿದೆ? ಮಕ್ಕಳು ಏನಾದ್ರೂ ಹಾಕಿದ್ರೆ ಗೋಡೆ ಅದುರುತ್ತೆ! ಪಕ್ಕದ ಮನೆಯೋರು ಎರಡು ಸಲ ಬಂದು ಹೇಳಿ ಹೋದ್ರು.”

“ನಿಮ್ಮೋರು ಏನಾದ್ರೂ ರಿಪೇರಿ ಮಾಡಿಸಿದ್ರಾ?”

“ಅವರಾ? ಧೂಳು ಒರೆಸಿದ್ದೂ ಇಲ್ಲ. ತಂದಿಟ್ಟ ಹಾಗೇ ಇದೆ. ಇಷ್ಟು ಚೆನ್ನಾಗಿರೋದನ್ನ ಯಾಕೆ ಕೊಟ್ಟೆ ನೀನು?”

ಟೈಪಕ್ಕನ ಎದೆ ಧಸಕ್ಕೆಂದಿತು. ಒಲೆಯ ಮೇಲೆ ಏನೋ ಇದೆ ಎಂದು ಸುಳ್ಳು ಹೇಳಿ ಫೋನಿಟ್ಟಳು. ಹೊಸ ಪೆಟ್ಟಿಗೆಯ ಮುಂದೆ ಹಾಗೇ ಕೂತುಬಿಟ್ಟಳು.

ಅವಳ ಅಪ್ಪನ ಕಿವಿ ಹೋದದ್ದು ಹೆಚ್ಚುಕಡಿಮೆ ಅವಳ ಈಗಿನ ವಯಸ್ಸಿನಲ್ಲೇ. ಹೋಯಿತು ಎಂದು ಅವನು ಒಂದು ದಿನವೂ ಹೇಳಲಿಲ್ಲ. ಗಡಿಯಾರ ನಡೆಯುತ್ತಿದೆಯೇ ಎಂದು ಮೊದಲು ಕಿವಿಗೆ ಹಿಡಿದು ನೋಡುತ್ತಿದ್ದವನು, ಒಂದು ದಿನ ಅದನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದ. ಗೋಡೆ ಗಡಿಯಾರವಾದರೆ ಚಿಮಟವನ್ನು ಹಲ್ಲಲ್ಲಿ ಕಚ್ಚಿ ಅದರ ತುದಿಯನ್ನು ಗಡಿಯಾರಕ್ಕೆ ತಾಗಿಸುತ್ತಿದ್ದ. ಕಿವಿಗೆ ಬಾರದ ಟಿಕ್ ಟಿಕ್ ಹಲ್ಲಿನ ದಾರಿಯಿಂದ ತಲೆಯೊಳಗೆ ಹೋಗುತ್ತಿತ್ತು. ಗಿರಾಕಿಗಳು ನಗುತ್ತಿದ್ದರು. ಟೈಪಕ್ಕನ ಗಂಡ ಮದುವೆಯ ಹೊಸದರಲ್ಲಿ ಇದನ್ನು ಕಂಡು, “ನಿಮ್ಮಪ್ಪ ಟೈಮಿನ ರುಚಿ ನೋಡ್ತಾರಾ?” ಎಂದು ಕೇಳಿದ್ದ. ಅವಳು ಆ ದಿನ ಅವನ ಜತೆ ಮಾತು ಬಿಟ್ಟಿದ್ದಳು.

ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ. ಅಪ್ಪನನ್ನು ಕರೆಯಬೇಕಾದರೆ ಕೋಣೆಯ ದೀಪವನ್ನು ಹಾಕಿ ಆರಿಸುತ್ತಿದ್ದರು, ಅಷ್ಟೇ. ನಾಲ್ಕು ಜನ ಸೇರಿದಾಗ ಅಪ್ಪ ಸುಮ್ಮನೆ ನಗುತ್ತಾ ತಲೆಯಾಡಿಸುತ್ತಿದ್ದ. ಆ ನಗೆಯ ಹಿಂದೆ ಎಂಥ ಹೆದರಿಕೆಯಿತ್ತು ಎಂದು ಹಿರಿಮಗಳಾದ ಇವಳಿಗೆ ಗೊತ್ತಿತ್ತು. ಯಾರಾದರೂ ತನ್ನನ್ನು ಏನಾದರೂ ಕೇಳಿಬಿಟ್ಟರೆ ಎಂಬ ಹೆದರಿಕೆ ಅದು. ನಿಂತ ಗಡಿಯಾರವನ್ನು ನಡೆಯುತ್ತಿದೆ ಎಂದು ಕೊಟ್ಟ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ತಪ್ಪಿದರು. ಕೊನೆಕೊನೆಗೆ ಅವನು ಒಂದೇ ಗಡಿಯಾರವನ್ನು ಬಿಚ್ಚುತ್ತಾ ಜೋಡಿಸುತ್ತಾ ಕೂತಿರುತ್ತಿದ್ದ.

ಅಪ್ಪನ ತಪ್ಪಿನಿಂದ ಗಡಿಯಾರ ನಿಂತಿತು, ನನ್ನ ತಪ್ಪಿನಿಂದ ಯಾವ ಮುದುಕಿಯ ಎದೆ ನಿಲ್ಲುತ್ತದೋ ಎಂದುಕೊಂಡಳು ಟೈಪಕ್ಕ. ಆಮೇಲೆ ಎದ್ದು, ಆದದ್ದಾಗಲಿ ಎಂದು ಗುಂಡಿ ಒತ್ತಿದಳು.

ಫ್ಯಾನು ತಿರುಗಿತು. ಪರದೆ ಬೆಳಗಿತು. ಹಾಕಬೇಕಾದ್ದನ್ನೆಲ್ಲ ಪೆನ್‌ಡ್ರೈವಿನಿಂದ ಹಾಕಿ, ಹೊತ್ತೇರುವ ಹೊತ್ತಿಗೆ ಕಂಪ್ಯೂಟರು ಎದ್ದು ಕೂತಿತು. ಎರಡು ಸಣ್ಣ ಸ್ಪೀಕರುಗಳನ್ನು ಹಿಂದೆ ಸಿಕ್ಕಿಸಿ ಒಂದು ಹಾಡು ಹಾಕಿದಳು. ಪರದೆಯ ಮೇಲೆ ಗೆರೆ ಓಡುತ್ತಿತ್ತು, ಹಾಡು ನಡೆಯುತ್ತಿದೆ ಎಂದು ತೋರಿಸುತ್ತಿತ್ತು. ಅವಳ ಕಿವಿಗೆ ಏನೂ ಬೀಳಲಿಲ್ಲ. ಎಳ್ಳಷ್ಟೂ ಇಲ್ಲ.

ಸದ್ದು ಬರುತ್ತಿಲ್ಲವೋ, ತನಗೆ ಕೇಳಿಸುತ್ತಿಲ್ಲವೋ? ಇದನ್ನು ತಿಳಿಯಲು ಬೇಕಾದದ್ದು ಇನ್ನೊಬ್ಬರ ಕಿವಿ, ಅಷ್ಟೇ. ಪಕ್ಕದ ಮನೆಯ ಟೀಚರಮ್ಮ ರಜೆಯ ದಿನವೆಂದು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು. ಒಂದು ನಿಮಿಷ ಬಂದು ಹೋಗಿ ಎಂದರೆ ಮುಗಿಯಿತು. ಟೈಪಕ್ಕ ಗೇಟಿನವರೆಗೆ ಹೋದಳು. ಟೀಚರಮ್ಮ ಆಗಲೇ ಹುಬ್ಬು ಗಂಟಿಕ್ಕಿ ಇವಳ ಕಿಟಕಿಯ ಕಡೆಗೇ ನೋಡುತ್ತಿದ್ದರು. ಇವಳನ್ನು ಕಂಡು ಒದ್ದೆ ಬಟ್ಟೆ ಹಿಡಿದ ಕೈಯನ್ನೇ ಆಡಿಸಿ ಏನೋ ಹೇಳಿದರು. ಏನು ಹೇಳಿದರೋ ಗಾಳಿಗೆ ಹೋಯಿತು. ಏನೆಂದು ಕೇಳುವ ಧೈರ್ಯ ಇವಳಿಗೆ ಬರಲಿಲ್ಲ. ಕೇಳಿದರೆ ಒಳಗೆ ಕರೆಯಬೇಕು, ಕರೆದರೆ ಅವರು ‘ಹಾಡು ಚೆನ್ನಾಗಿ ಬರ್ತಿದೆಯಲ್ಲ’ ಎಂದುಬಿಡಬಹುದು. ಟೈಪಕ್ಕ ನಕ್ಕಳು, ತಲೆಯಾಡಿಸಿದಳು, ಬಂದ ದಾರಿಯಲ್ಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಾಗಿಲಿಗೆ ಒರಗಿ ನಿಂತಾಗ, ಗಡಿಯಾರದ ನಡುಕವನ್ನು ಬೆರಳಿಟ್ಟು ತಿಳಿಯುತ್ತಿದ್ದ ಅಪ್ಪನ ಕೈ ನೆನಪಾಯಿತು. ಬಂದು ಸ್ಪೀಕರಿನ ಮೇಲೆ ಬೆರಳಿಟ್ಟಳು. ಸದ್ದು ಬರುತ್ತಿದ್ದರೆ ಅದು ನಡುಗಲೇಬೇಕು. ನಡುಗಲಿಲ್ಲ. ಇನ್ನೊಂದನ್ನೂ ಮುಟ್ಟಿದಳು. ಅದೂ ಸತ್ತ ಇಲಿಯಂತೆ ಬಿದ್ದಿತ್ತು. ಹಾಗಾದರೆ ಹಾಳಾದದ್ದು ಯಂತ್ರವೇ! ಕಷ್ಟಪಟ್ಟು ಜೋಡಿಸಿದ ಹೊಸ ಕಂಪ್ಯೂಟರು ಕೆಟ್ಟಿದೆ ಎಂದು ಖುಷಿಯಿಂದ ಕಣ್ಣೊರೆಸಿಕೊಂಡವರು ಇಡೀ ಲೋಕದಲ್ಲಿ ಅವಳೊಬ್ಬಳೇ ಇರಬೇಕು.

ಇನ್ನು ರಿಪೇರಿ. ಸದ್ದಿನ ಡ್ರೈವರನ್ನು, ಅಂದರೆ ಸದ್ದು ಹೊರಡಿಸುವ ಸಾಫ್ಟ್‌ವೇರನ್ನು, ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಿ ಎಂದಿತು ಪರದೆ. ಇಳಿಸಿಕೊಳ್ಳೋಣವೆಂದರೆ ವೈಫೈ ಇಲ್ಲ. ಮನೆಯ ವೈಫೈ ಹೆಸರು ಒಮ್ಮೆ ಇಣುಕುತ್ತಿತ್ತು, ಒಂದು ಗೆರೆ ತೋರಿಸುತ್ತಿತ್ತು, ಸಾಲ ಕೇಳಲು ಬಂದವರನ್ನು ಕಂಡಂತೆ ಮಾಯವಾಗುತ್ತಿತ್ತು. ಪಾಸ್‌ವರ್ಡ್ ಮತ್ತೆ ಮತ್ತೆ ಹಾಕಿದಳು. ಪೆಟ್ಟಿಗೆಯನ್ನು ಮೇಜಿನ ಆ ತುದಿಗೆ ಎಳೆದಳು, ಈ ತುದಿಗೆ ತಳ್ಳಿದಳು. ಕೊನೆಗೆ ಅಂಗಡಿಯವನಿಗೆ ಫೋನು ಮಾಡಿ ಕಷ್ಟ ಹೇಳಿಕೊಂಡಳು.

“ಹಲೋ, ಜೋರಾಗಿ ಮಾತಾಡಿ ಅಕ್ಕಾ, ಏನೂ ಕೇಳಿಸ್ತಿಲ್ಲ,” ಎಂದ ಅವನು. ಅವಳು ಗಂಟಲೆತ್ತಿ ಮತ್ತೆ ಹೇಳಿದಳು. “ಸರಿ, ಆಂಟೆನಾ ಹಾಕಿದ್ರಾ?”

“ಯಾವ ಆಂಟೆನಾ?”

“ಅಯ್ಯೋ ಅಕ್ಕಾ! ಮದರ್‌ಬೋರ್ಡ್ ಬಂದ ಬಾಕ್ಸಲ್ಲಿ ಎರಡು ಕಡ್ಡಿ ಇರುತ್ತೆ. ಹಿಂದೆ ತಿರುಗಿಸಿ ಕೂರಿಸ್ಬೇಕು. ಎಲ್ರೂ ಅದನ್ನೇ ಮರೆಯೋದು.”

ಬಾಕ್ಸಿನ ತಳದ ರಟ್ಟಿನ ಕೆಳಗೆ, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕಪ್ಪು ಕಡ್ಡಿಗಳು ಆರಾಮಾಗಿ ಮಲಗಿದ್ದವು. ಹಿಂದಿನ ಎರಡು ಹಿತ್ತಾಳೆ ಮೊಳೆಗಳಿಗೆ ತಿರುಗಿಸಿ ಕೂರಿಸಿದ್ದೇ ತಡ, ವೈಫೈ ಪೂರ್ತಿ ಗೆರೆ ತುಂಬಿಕೊಂಡಿತು. ಡ್ರೈವರು ಇಳಿಯಿತು. ಹಾಡು ಹಾಕಿದಳು. ಬೆರಳಿಟ್ಟಳು. ಇಲ್ಲ.

ಮತ್ತೆ ಸೆಟ್ಟಿಂಗಿನೊಳಗೆ ಹುಡುಕಿದಳು. ಸದ್ದನ್ನೆಲ್ಲ ಕಂಪ್ಯೂಟರು ಪರದೆಗೆ ಕಳಿಸುತ್ತಿತ್ತು. ಆ ಪರದೆಗೆ ಸ್ಪೀಕರೇ ಇಲ್ಲ! ಬಾಯಿಲ್ಲದವನಿಗೆ ಭಾಷಣ ಮಾಡು ಎಂದಂತೆ. ಅದನ್ನು ಬಿಡಿಸಿ ಸ್ಪೀಕರಿಗೆ ಕೊಟ್ಟಳು. ಬೆರಳಿನ ಕೆಳಗೆ ತಟ್ಟನೆ ನಡುಕ ಹುಟ್ಟಿತು, ಜೇನುಹುಳದ ಮೇಲೆ ಕೈಯಿಟ್ಟಂಥ ನಡುಕ. ಅವಳು ಉಸಿರು ಬಿಗಿಹಿಡಿದು ತಲೆ ಬಗ್ಗಿಸಿದಳು. ಕೇಳಿಸಿತು. ತೆಳ್ಳಗೆ, ದೂರದಿಂದ, ಆದರೆ ಕೇಳಿಸಿತು.

ಬೆರಳಿಗೆ ಅಷ್ಟು ಜೋರಾಗಿ ತಿಳಿಯುವುದು ಕಿವಿಗೆ ಯಾಕೆ ಇಷ್ಟು ತೆಳ್ಳಗೆ? ಅಗ್ಗದ ಸ್ಪೀಕರು ಎಂದು ಆ ಪ್ರಶ್ನೆಯ ಬಾಯಿ ಮುಚ್ಚಿಸಿದಳು. ಹೆಡ್‌ಫೋನನ್ನು ಮುಂದಿನ ತೂತಿಗೆ ಸಿಕ್ಕಿಸಿದಳು. ಅಲ್ಲಿ ಮತ್ತೆ ಏನೂ ಇಲ್ಲ. ಕಂಪ್ಯೂಟರು ಆರಿಸಿ, ಪಕ್ಕದ ಹಲಗೆ ಬಿಚ್ಚಿ ನೋಡಿದರೆ, ಬೇಡದ್ದಿರಬೇಕು ಎಂದು ಅವಳೇ ಮಡಚಿ ಮೂಲೆಗೆ ತುರುಕಿದ್ದ ಒಂದು ಸಣ್ಣ ವೈರು. ಮುಂದಿನ ತೂತಿಗೆ ಸದ್ದು ಒಯ್ಯುವುದೇ ಅದು. ಅಪ್ಪನ ಚಿಮಟದಲ್ಲಿ ಅದರ ಮೂತಿ ಹಿಡಿದು ಜಾಗಕ್ಕೆ ಒತ್ತಿದಳು. ಮತ್ತೆ ಕಂಪ್ಯೂಟರು ಹಾಕಿ, ಹೆಡ್‌ಫೋನು ಧರಿಸಿ, ಸದ್ದನ್ನು ಪೂರ್ತಿಗೆ ಏರಿಸಿದಳು.

ಹೊಸ ಪೆಟ್ಟಿಗೆಯ ಸದ್ದು ಹಳೆಯದರ ಎರಡರಷ್ಟು ಜೋರು; ಈ ಸಲ ಡಾಕ್ಟರು ತಲೆಯೊಳಗೇ ಕೂತು ಮಾತಾಡಿದರು. ಆ ದಿನ ಕಾಯುತ್ತಿದ್ದ ಕಡತಗಳಲ್ಲಿ ಮೊದಲನೆಯದು ಕಿವಿ ಡಾಕ್ಟರದ್ದು. ಪ್ರತಿ ವಾರ ಬರುವ ದನಿ, ಪ್ರತಿ ವಾಕ್ಯದ ಕೊನೆಗೆ ಸಣ್ಣಗೆ ಕೆಮ್ಮುವ ದನಿ. ಕೆಮ್ಮೂ ಕೇಳಿಸಿತು! ಟೈಪಕ್ಕನಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ತಂಗಿಗೆ ಏನು ತಿಳಿಯುತ್ತದೆ, ಹಳೆಯದು ಕೆಟ್ಟೇ ಇತ್ತು ಎಂದುಕೊಂಡು ಬೆರಳುಗಳನ್ನು ಓಡಿಸಿದಳು.

ರೋಗಿ ಒಬ್ಬ ಹೆಂಗಸು. ಗಾಳಿಯಲ್ಲಿ ಬರುವ ಸದ್ದು ಸರಿಯಾಗಿ ಕೇಳಿಸುವುದಿಲ್ಲ, ಮೂಳೆಯ ಮೂಲಕ ಕೊಟ್ಟರೆ ಚೆನ್ನಾಗಿ ಕೇಳಿಸುತ್ತದೆ. ಒಳಗಿನ ಪುಟ್ಟ ಮೂಳೆ ಬಿಗಿದುಕೊಂಡಿದೆ, ಕಿವಿಯ ನರ ಚೆನ್ನಾಗಿದೆ, ಚಿಕಿತ್ಸೆಯಿಂದ ಗುಣ ಕಾಣಬಹುದು. ಇಂಥ ವಾಕ್ಯಗಳನ್ನು ಅವಳು ಎಷ್ಟೋ ಸಲ ಟೈಪ್ ಮಾಡಿದ್ದಳು. ಮನೆತನದಲ್ಲಿ ಇದೇ ತೊಂದರೆಯಿದೆ. ರೋಗಿಯ ಮಾತು ಬಹಳ ಮೆಲ್ಲಗೆ, ತನ್ನ ದನಿ ತನಗೇ ದೊಡ್ಡದಾಗಿ ಕೇಳುವುದರಿಂದ ಇಂಥವರು ಹಾಗೆ ಮಾತಾಡುತ್ತಾರೆ.

ಬೆರಳುಗಳು ಅಲ್ಲೇ ನಿಂತವು. ಬಾಯಿ ಬಿಟ್ಟು ಹೇಳೇ ಎಂದ ಗಂಡ. ಜೋರಾಗಿ ಮಾತಾಡಿ ಎಂದ ಅಂಗಡಿಯವನು. ಅವಳು ಆ ವಾಕ್ಯವನ್ನು ಮತ್ತೆ ಕೇಳಲಿಲ್ಲ. ಮುಂದಿನದಕ್ಕೆ ಹೋದಳು.

ಭುಜದ ಮೇಲೆ ಕೈ ಬಿದ್ದಾಗ ಕುರ್ಚಿಯಿಂದ ಹಾರಿಬಿದ್ದಳು. ಗಂಡ ಡ್ಯೂಟಿ ಮುಗಿಸಿ ಬಂದು, ಖಾಕಿ ಅಂಗಿಯಲ್ಲೇ ಮುಖ ಹಿಂಡಿಕೊಂಡು ನಿಂತಿದ್ದ. ಅವಳು ಹೆಡ್‌ಫೋನು ತೆಗೆದಳು.

“ಸರಿಹೋಯ್ತು ರೀ! ವೈಫೈ ಬಂತು, ಸೌಂಡೂ ಬಂತು!”

“ಅದು ಸರಿ, ಇದನ್ನ ನಿಲ್ಸೋದಲ್ವಾ? ತಲೆ ಸಿಡೀತಿದೆ,” ಎಂದು ಅವನು ಅವಳ ಮುಖಕ್ಕೇ ಕೂಗಿದ.

“ಯಾವುದನ್ನ?”

ಅವನು ಅವಳ ಮುಖವನ್ನೇ ನೋಡಿದ. “ಯಾವುದನ್ನ ಅಂದ್ರೆ? ಆ ಯುಪಿಎಸ್ ಒಂದೇ ಸಮ ಕಿರುಚ್ತಿದೆಯಲ್ಲ! ಗೇಟಿನ ಹತ್ರಕ್ಕೇ ಕೇಳಿಸ್ತು. ಟೀಚರಮ್ಮ ಬೆಳಿಗ್ಗೆನೇ ನಿಂಗೆ ಹೇಳಿದ್ರಂತೆ. ನೀನು ನಕ್ಕೊಂಡು ಒಳಗೆ ಹೋದ್ಯಂತೆ.”

ಹೊಸ ಕಂಪ್ಯೂಟರಿನ ಭಾರ ಹಳೆಯ ಯುಪಿಎಸ್‌ಗೆ ಹೆಚ್ಚಾಗಿತ್ತು. ಹೊರಲಾರೆ, ಹೊರಲಾರೆ ಎಂದು ಅದು ಬೆಳಗಿನಿಂದ ಅವಳ ಕಾಲಬುಡದಲ್ಲೇ ಕೂಗುತ್ತಿತ್ತು. ಟೈಪಕ್ಕ ಕಿವಿಗೊಟ್ಟಳು. ಫ್ಯಾನಿನ ಮೆಲ್ಲನೆಯ ಸುಯ್ಯೂ ಇಲ್ಲ, ಬೀದಿಯೂ ಇಲ್ಲ, ಏನೂ ಇಲ್ಲ. ಕೋಣೆ ಹತ್ತಿ ತುಂಬಿದ ದಿಂಬಿನ ಹಾಗಿತ್ತು. ತಾನು ನಕ್ಕು ತಲೆಯಾಡಿಸಿ ಒಳಗೆ ಬಂದದ್ದು ನೆನಪಾಯಿತು. ಅದು ಅಪ್ಪನ ನಗು.

ಮೇಜಿನ ಮೇಲಿದ್ದ ಅಪ್ಪನ ಸ್ಕ್ರೂಡ್ರೈವರು ಕೈಗೆ ಬಂತು. ಅವಳು ಮಂಡಿಯೂರಿ ಮೇಜಿನ ಕೆಳಗೆ ಬಗ್ಗಿ, ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ಯುಪಿಎಸ್‌ನ ಮೈಗೆ ತಾಗಿಸಿದಳು.

ಕೂಗು ದವಡೆಯಿಂದ ನೆತ್ತಿಯವರೆಗೆ ಹೊಕ್ಕಿತು. ಚೂಪಾಗಿ, ಸ್ಪಷ್ಟವಾಗಿ, ಒಂದೇ ಸಮ. ಅವಳು ಕಣ್ಣು ಮುಚ್ಚಿ ಹಾಗೇ ಇದ್ದಳು. ಎಷ್ಟು ಹೆದರಿಕೆಯಾಯಿತೋ ಅಷ್ಟೇ ಆಸೆಯಾಯಿತು, ಆ ಹಿಡಿಯನ್ನು ಬಾಯಿಂದ ತೆಗೆಯಲು ಮನಸ್ಸೇ ಬರಲಿಲ್ಲ.

ಕಣ್ಣು ತೆರೆದಾಗ ಗಂಡ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ. ಮಾವ ಗಡಿಯಾರ ಕಚ್ಚಿದ್ದನ್ನು ಕಂಡವನು ಅವನು. ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಅವನ ಮುಖದಲ್ಲಿ ತಮಾಷೆಯೂ ಇರಲಿಲ್ಲ. ಕೈ ಚಾಚಿ ಯುಪಿಎಸ್‌ನ ಗುಂಡಿ ಒತ್ತಿದ. ಹಲ್ಲಿಗೆ ಬರುತ್ತಿದ್ದ ಕೂಗು ನಿಂತಿತು. ನಿಂತದ್ದು ಅವಳಿಗೆ ತಿಳಿದದ್ದೂ ಹಲ್ಲಿನಿಂದಲೇ.

“ಕೇಳಿಸ್ತಾ?” ಅವನು ಅವಳ ಎದುರಿಗೆ ಬಂದು, ತುಟಿ ಕಾಣುವಂತೆ ಕೇಳಿದ.

“ಹಲ್ಲಿಗೆ ಕೇಳಿಸ್ತು.”

“ಕಿವಿಗೆ?”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಇಂಥ ಹೊತ್ತಿನಲ್ಲೇ ಅಪ್ಪ ನಗುತ್ತಿದ್ದದ್ದು. ಅವಳಿಗೆ ಆ ಹೃದಯದ ಮುದುಕಿ ಕಣ್ಣ ಮುಂದೆ ಬಂದಳು, ಮುಖ ಗೊತ್ತಿಲ್ಲದ ಮುದುಕಿ.

“ಇಲ್ಲ ರೀ. ನನ್ನ ಕಿವಿ ಕೇಳಿಸ್ತಿಲ್ಲ.” ಬಾಯಿ ಬಿಟ್ಟು ಹೇಳಿದಳು. “ಕಂಪ್ಯೂಟರು ಕೆಟ್ಟಿರಲಿಲ್ಲ. ಹಳೇದೂ ಕೆಟ್ಟಿರಲಿಲ್ಲ. ನಾನೇ.”

ಅವನು ಅವಳ ಕೈಯಿಂದ ಸ್ಕ್ರೂಡ್ರೈವರು ತೆಗೆದುಕೊಂಡು, ಹಿಡಿಯ ಮೇಲೆ ಮೂಡಿದ್ದ ಹಲ್ಲಿನ ಗುರುತನ್ನು ಹೆಬ್ಬೆರಳಿನಿಂದ ಸವರಿದ. ಅಲ್ಲಿ ಹಳೆಯ ಗುರುತುಗಳೂ ಇದ್ದವು.

“ನಾಳೆ ಆಸ್ಪತ್ರೆಗೆ ಹೋಗೋಣ,” ಎಂದ. “ರಜಾ ಹಾಕ್ತೀನಿ.”

“ಅಲ್ಲಿ ಇರೋದು ಒಬ್ರೇ ಕಿವಿ ಡಾಕ್ಟ್ರು. ನಾನು ಟೈಪ್ ಮಾಡೋದೇ ಅವರದ್ದು. ಮೊದಲು ಮೇಡಂಗೆ ನಾನೇ ಹೇಳ್ಬೇಕು, ಆ ಮಾತ್ರೆ ತಪ್ಪಾಗಿದ್ದು ಯಾಕೆ ಅಂತ.” ಅವಳು ಮೇಜಿನ ಮೇಲಿನ ಹೆಡ್‌ಫೋನಿನ ಕಡೆ ನೋಡಿದಳು. “ಆಮೇಲೆ ಡಾಕ್ಟ್ರು ನನ್ನ ನೋಡಿ ಫೋನಲ್ಲಿ ಹೇಳ್ತಾರೆ. ಅದೂ ನನಗೇ ಬರುತ್ತೆ. ನನ್ನ ಕಿವಿ ಹೋಗಿದೆ ಅನ್ನೋದನ್ನ ನಾನೇ ಕೇಳಿ ನಾನೇ ಟೈಪ್ ಮಾಡ್ಬೇಕು.”

ಅವನು ಸ್ಕ್ರೂಡ್ರೈವರನ್ನು ಅವಳ ಕೈಗೆ ಮರಳಿ ಕೊಟ್ಟ.

“ಹಾಗಾದ್ರೆ,” ಎಂದ, ಒಂದೊಂದೇ ಮಾತನ್ನು ಬಿಡಿಸಿ, “ಸ್ವಲ್ಪ ಜೋರಾಗಿ ಹೇಳಿ ಅಂತ ಡಾಕ್ಟ್ರಿಗೆ ನಾನು ಹೇಳ್ತೀನಿ.”